ಇಲ್ಲ ಎನ್ನದ ಕುದ್ರುವಿನಲ್ಲಿ ಚಳಿದಿಂಗಳು

ಹದಿಮೂರನೆಯ ತಿಂಗಳ ಇಪ್ಪತ್ತೆರಡನೆಯ ದಿನ, ಕರಾವಳಿ ಮುಳುಗಿದ ನೂರ ನಾಲ್ಕನೆಯ ವರ್ಷ

ಡಿಸೆಂಬರ್ ರಜೆಗೆ ದ್ವೀಪ ನೋಡಲು ಹೊರಟಿರುವವರೇ,

ಹದಿಮೂರನೆಯ ತಿಂಗಳು ಎಂದು ಓದಿ ನಿಮಗೆ ನಗು ಬಂದಿರಬಹುದು. ನಗಿ. ನಿಮ್ಮ ಕಾಲದಲ್ಲಿ ಹನ್ನೆರಡೇ ತಿಂಗಳಿದ್ದವಂತೆ, ಅದರಲ್ಲಿ ಎರಡು ಮೂರು ತಿಂಗಳು ಬಿಟ್ಟಿ ಚಳಿಯೂ ಇತ್ತಂತೆ. ಅದನ್ನು ನೀವು ಮುಗಿಸಿ ಎದ್ದು ಹೋದಿರಿ. ಈಗ ಸೆಕೆ ಒಂದಿಷ್ಟು ತಗ್ಗುವ ನಲವತ್ತು ದಿನಗಳನ್ನು ನಮ್ಮ ಹತ್ತು ಮಂದಿ ವರ್ಷದಿಂದ ಬೇರೆ ಕತ್ತರಿಸಿ, ಚಳಿದಿಂಗಳು ಎಂದು ಹೆಸರಿಟ್ಟು, ಪ್ರವಾಸಿಗರಿಗೆ ಮೀಸಲಿಟ್ಟಿದ್ದಾರೆ. ಹತ್ತು ಮಂದಿ ಎಂದರೆ ಊರು ನಡೆಸುವ ಹಿರಿಯರು. ನನ್ನ ಮಾತು ವಿಚಿತ್ರವಾಗಿದ್ದರೆ ಕ್ಷಮಿಸಿ ಎಂದು ಇಂಥ ಪತ್ರದ ಮೊದಲಿಗೆ ಬರೆಯಬೇಕಂತೆ. ಕ್ಷಮಿಸಿ. ಆರನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಅರ್ಥವಾಗದಿದ್ದರೆ ಎರಡು ಸಲ ಓದಿ. ಈ ಕಾಗದ ಹಿಂದಕ್ಕೆ ಬಂದು ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂಬುದು ನನ್ನ ತಲೆನೋವಲ್ಲ.

ನನ್ನ ಹೆಸರು ಮುಕಾಂಬು. ವಯಸ್ಸು ಹತ್ತೊಂಬತ್ತು. ನಾನಿರುವುದು ಒಂದು ಕುದ್ರುವಿನಲ್ಲಿ, ಅಂದರೆ ಸುತ್ತ ನೀರಿರುವ ನೆಲದಲ್ಲಿ. ನಿಮ್ಮ ಕಾಲಕ್ಕೆ ಇದು ಗುಡ್ಡದ ತಲೆ, ಕೆಳಗೆ ರಸ್ತೆ ಇತ್ತಂತೆ. ನನ್ನ ಕೆಲಸ ಮುಂದಾಳು. ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ದೋಣಿ ಇಳಿದು ಬಂದ ಪ್ರವಾಸಿಗರ ಮುಂದೆ ಮುಂದೆ ನಡೆದು ‘ಇಲ್ಲಿ ನೋಡಿ, ಅಲ್ಲಿ ನೋಡಿ’ ಎನ್ನುವವಳು, ಅಷ್ಟೇ. ಅತಿಥಿಮನೆಯ ಗೋಡೆಯ ಮೇಲೆ ನಿಮ್ಮ ಕಾಲದ ಕಾಗದವೊಂದನ್ನು ಗಾಜು ಹಾಕಿ ತೂಗುಹಾಕಿದ್ದಾರೆ. ‘ಚಳಿಗಾಲದಲ್ಲಿ ದ್ವೀಪದಲ್ಲಿ ಮಾಡಲೇಬೇಕಾದ ಮೋಜುಗಳು’ ಎಂದು ಬರೆದಿದೆ. ಹತ್ತು ಮಂದಿ ಅದನ್ನು ಶಾಸ್ತ್ರದ ಹಾಗೆ ಓದಿ ಒಂದೊಂದನ್ನೇ ಇಲ್ಲಿ ಹುಟ್ಟಿಸಿದರು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಈ ಹುಚ್ಚಿನ ಬೀಜ ನಿಮ್ಮದು.

ಮೋಜು ಎಂಥದ್ದು ಗೊತ್ತೇ? ಮೊದಲನೆಯದು ನಡುಗುಮನೆ. ಹಳೆಯ ಮೀನಿನ ಶೀತಕೋಣೆ ಅದು. ಗುಡ್ಡದ ಮೇಲಿನ ಪೇಟೆಗಳಿಂದ ಬಂದವರು ಒಳಗೆ ಹೋಗಿ ಕಂಬಳಿ ಹೊದ್ದು, ಹಲ್ಲು ಕಟಕಟ ಎನ್ನಿಸಿಕೊಂಡು, ‘ಅಯ್ಯೋ ಚಳಿ, ಅಯ್ಯೋ ಚಳಿ’ ಎಂದು ಕುಣಿಯುತ್ತಾರೆ. ಕಂಬಳಿಯಲ್ಲಿ ಬಂಗುಡೆ ವಾಸನೆ ಇದ್ದರೂ ಅದೇ ಚಳಿಗಾಲದ ವಾಸನೆ ಎಂದು ಮೂಸುತ್ತಾರೆ. ಎರಡನೆಯದು ಮಂಜಿನ ದೋಣಿ. ಮಂಜು ಎಲ್ಲಿಂದ ಬರಬೇಕು? ನಾವು ನಾಲ್ಕು ಜನ ಬಂಡೆಯ ಹಿಂದೆ ಕೂತು ಹಸಿ ಸೋಗೆ ಸುಟ್ಟು ಹೊಗೆ ಬಿಡುತ್ತೇವೆ. ಅವರು ಆ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ, ಪ್ರಕೃತಿಯನ್ನು ಕಂಡು ಅಳು ಬಂತು ಎಂದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ. ಆಮೇಲೆ ಹಕ್ಕಿ ನೋಡುವುದು. ವಲಸೆ ಹಕ್ಕಿಗಳು ಬರುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು. ಆಚೆ ದಂಡೆಯ ಮರಳಿನಲ್ಲಿ ಬಣ್ಣ ಬಳಿದ ಮರದ ಹಕ್ಕಿಗಳನ್ನು ನೆಟ್ಟಿದ್ದೇವೆ. ಹೋದ ವರ್ಷ ಒಬ್ಬ ಮಹಾಶಯ ಅವುಗಳಲ್ಲಿ ಒಂದು ತಲೆ ಎತ್ತಿತು ಎಂದು ಆಣೆ ಮಾಡಿ ಹೇಳಿದ. ನಾನು ‘ಹೌದು ಸಾರ್, ನಿಮ್ಮನ್ನೇ ನೋಡಿತು’ ಎಂದೆ. ಈ ಮೋಸಗಳ ಬಗ್ಗೆ ನನಗೆ ನಾಚಿಕೆ ಇಲ್ಲ. ಹೊಗೆ ಕುಡಿದರೆ ಯಾರೂ ಸಾಯುವುದಿಲ್ಲ. ನನ್ನ ಸಿಟ್ಟು ಇರುವುದು ಗೋಡೆಯ ಮೇಲಿನ ನಡಿಗೆಯ ಬಗ್ಗೆ.

ನಮ್ಮ ಕುದ್ರುವಿಗೆ ಪಡುವಣ ಕಡೆ ಒಂದು ಗೋಡೆಯಿದೆ. ಅದು ಸಿಮೆಂಟಿನದ್ದಲ್ಲ, ಕಲಗದ್ದು. ಕಲ್ಲಿಗೆ ಅಂಟಿಕೊಂಡು ಬೆಳೆಯುವ ಚಿಪ್ಪಿನ ಜೀವಿಗೆ ಕಲಗ ಎನ್ನುತ್ತೇವೆ. ಅಜ್ಜಿಯಂದಿರು ಮೂರು ತಲೆಮಾರು ಬುಟ್ಟಿಯಲ್ಲಿ ಕಲ್ಲು ಹೊತ್ತು ಸಾಲಿಟ್ಟು, ಅದರ ಮೇಲೆ ಕಲಗ ಕೂರಿಸಿ, ಚಿಪ್ಪಿನ ಮೇಲೆ ಚಿಪ್ಪು ಬೆಳೆಸಿದ್ದಾರೆ. ಮಳೆಗಾಲದ ಸಮುದ್ರವನ್ನು ತಡೆಯುವುದು ಅದೊಂದೇ. ಚಳಿದಿಂಗಳಲ್ಲಿ ಮರಿಗಳು ಎಳ್ಳಿನಷ್ಟು ಸಣ್ಣಗೆ ಬಂದು ಕೂರುತ್ತವೆ. ಆ ನಲವತ್ತು ದಿನ ಯಾರೂ ಗೋಡೆಯ ಮೇಲೆ ಕಾಲಿಡಬಾರದು. ಇಟ್ಟಲ್ಲಿ ಮರಿ ಸಾಯುತ್ತದೆ, ಮರಿ ಇಲ್ಲದಲ್ಲಿ ಗೋಡೆ ಸಡಿಲಾಗುತ್ತದೆ. ಎಂಟು ವರ್ಷದ ಹಿಂದೆ ಒಂದು ತಂಡ ನಡೆದಾಡಿ ಹೋದ ಜಾಗದಲ್ಲೇ ಮುಂದಿನ ಮಳೆಗಾಲಕ್ಕೆ ಗೋಡೆ ಒಡೆದು ಸಮುದ್ರ ಒಳಗೆ ಬಂತು. ನಮ್ಮ ಕೇರಿಯ ಬಾವಿ ಉಪ್ಪಾಯಿತು. ಕುದ್ರುವಿನ ಇನ್ನೊಂದು ತುದಿಯ ಬಾವಿಯಿಂದ ನೀರು ಹೊರಲು ಗಟ್ಟಿ ಕಾಲಿದ್ದವರು ಬೇಕಾಯಿತು. ನನ್ನ ಶಾಲೆ ಬಿಡಿಸಿದ್ದು ಹಾಗೆ. ಈಗ ಉಳಿದಿರುವ ಸಿಹಿನೀರು ಆ ಒಂದೇ ಬಾವಿಯದು. ಅದೂ ಉಪ್ಪಾದರೆ ಕುದ್ರು ಮುಗಿಯಿತು.

ಹಾಗಿದ್ದರೆ ‘ನಡೆಯಬೇಡಿ’ ಎಂದು ಹೇಳಿಬಿಡಬಾರದೇ ಎಂದು ನೀವು ಕೇಳುತ್ತೀರಿ. ಇಲ್ಲೇ ಇರುವುದು ನಮ್ಮವರ ದಡ್ಡತನ. ಕರಾವಳಿ ಮುಳುಗಿದಾಗ ನಮ್ಮ ಹಿರಿಯರು ಹನ್ನೊಂದು ದೋಣಿಗಳಲ್ಲಿ ಹೊರಟವರು. ಮೂರು ದಡಗಳಲ್ಲಿ ಅವರಿಗೆ ‘ಇಲ್ಲ, ಜಾಗವಿಲ್ಲ’ ಎಂದರು. ಮೂರನೆಯ ದಡ ದಾಟುವಷ್ಟರಲ್ಲಿ ಎಷ್ಟೋ ಕೂಸುಗಳು ಸತ್ತವು. ಕಡೆಗೆ ಈ ಬಂಡೆಗೆ ಬಂದು ಹತ್ತಿದ ದಿನ, ದೋಣಿ ಇಳಿದು ಬಂದವರಿಗೆ ನಮ್ಮ ಬಾಯಿಂದ ‘ಇಲ್ಲ’ ಎಂಬ ಮಾತು ಬರಬಾರದು ಎಂದು ಆಣೆ ಹಾಕಿಕೊಂಡರು. ಆ ಮಾತು ಬಂದರೆ, ಹೇಳಿದವರನ್ನು ದೋಣಿ ಹತ್ತಿಸಿ ಕಳಿಸಬೇಕು. ದೊಡ್ಡ ಆಣೆ, ಒಪ್ಪುತ್ತೇನೆ. ಆದರೆ ಅದು ಮುಳುಗುತ್ತಿದ್ದವರಿಗಾಗಿ ಹಾಕಿದ್ದು. ಫೋಟೋ ಹೊಡೆಸಿಕೊಳ್ಳಲು ಬಂದವರಿಗೂ ಅದನ್ನೇ ನಡೆಸುವ ಪೆದ್ದರು ಭೂಮಿಯ ಮೇಲೆ ನಾವೊಬ್ಬರೇ. ಸುದ್ದಿ ಗುಡ್ಡದ ಪೇಟೆಗಳಿಗೆ ಮುಟ್ಟಿತು. ಈಗ ನಮ್ಮನ್ನು ‘ಇಲ್ಲ ಎನ್ನದ ದ್ವೀಪ’ ಎಂದು ಕರೆದು ಜನ ಕುಣಿದುಕೊಂಡು ಬರುತ್ತಾರೆ.

ನನ್ನ ಅಮ್ಮಮ್ಮ, ಚಂದು, ಗೋಡೆ ಕಾಯುವವಳು. ಎಂಬತ್ತೊಂದು ವರ್ಷ. ಆಣೆ ಮುರಿಯದೆ ಗೋಡೆ ಉಳಿಸಲು ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ, ಊಟ. ನೀರು ಇಳಿದಾಗ ಮಾತ್ರ ಗೋಡೆ ತಲೆ ಎತ್ತುತ್ತದೆ. ಯಾರಾದರೂ ನಡೆಯಬೇಕು ಎಂದರೆ ‘ಅದಕ್ಕೇನ್ ಮಕ್ಳೆ, ಒಂದ್ ಬಟ್ಲ್ ಸಾರ್ ಕುಡ್ಕಣಿ, ಹೋಪ’ ಎಂದು ಕೂರಿಸುತ್ತಾಳೆ. ಆಮೇಲೆ ಕಡುಬು, ಆಮೇಲೆ ಮೀನು, ಆಮೇಲೆ ಬೆಲ್ಲದ ಪಾಯಸ. ಕೈ ತೊಳೆಯುವಷ್ಟರಲ್ಲಿ ನೀರು ಏರಿ ಗೋಡೆ ಮುಳುಗಿರುತ್ತದೆ. ಅವರು ಹೊಟ್ಟೆ ಸವರಿಕೊಂಡು, ದ್ವೀಪದ ಆತಿಥ್ಯವನ್ನು ಹೊಗಳಿಕೊಂಡು ಹೋಗುತ್ತಾರೆ. ಉಣಿಸಿದ್ದು ತಮ್ಮನ್ನು ತಡೆಯಲೆಂದೇ ಎಂಬುದು ಇದುವರೆಗೆ ಒಬ್ಬರಿಗೂ ಹೊಳೆದಿರಲಿಲ್ಲ.

ಒಬ್ಬನಿಗೆ ಹೊಳೆಯಿತು. ವಿಹಂಗ ಎಂಬವನು, ಮೂರನೆಯ ವರ್ಷ ಬರುತ್ತಿರುವವನು. ಮೊನ್ನೆ ಮಧ್ಯಾಹ್ನ ಎಂಟು ಜನರನ್ನು ಕಟ್ಟಿಕೊಂಡು, ಎಲ್ಲರ ಕಾಲಿಗೂ ಉಕ್ಕಿನ ಅಟ್ಟೆಯ ಬೂಟು ತೊಡಿಸಿಕೊಂಡು ಬಂದ. ಚಿಪ್ಪು ಕಾಲು ಕೊಯ್ಯಬಾರದಲ್ಲ. ಅಮ್ಮಮ್ಮ ಬಟ್ಟಲು ಹಿಡಿದು ಎದ್ದಳು.

‘ಬನಿ ಮಕ್ಳೆ, ಕೂಕಣಿ.’

‘ನಾವು ತಿಂದ್ಕೊಂಡೇ ಬಂದಿದೀವಿ ಅಜ್ಜಿ,’ ಎಂದ ವಿಹಂಗ. ಹಿಂದಿನವರ ಕಡೆ ತಿರುಗಿ ಕಣ್ಣು ಹೊಡೆದ. ‘ಹೇಳಿರ್ಲಿಲ್ವಾ ನಾನು? ಇವರು ಸಾರು ಕುಡಿಸಿ ಕುಡಿಸಿ ಟೈಮ್ ಕಳೀತಾರೆ. ಇವತ್ತು ಬಿಡಲ್ಲ. ಅಜ್ಜಿ, ನೀವು ಇಲ್ಲ ಅನ್ನೋ ಹಾಗಿಲ್ಲ ಅಲ್ವಾ?’

ಎಂಟೂ ಜನ ನಕ್ಕರು. ಒಬ್ಬಳು ಅಮ್ಮಮ್ಮನ ಕೆನ್ನೆ ಹಿಂಡಿ ‘ಸೋ ಕ್ಯೂಟ್’ ಎಂದಳು. ಅಮ್ಮಮ್ಮ ಬಟ್ಟಲು ಕೆಳಗಿಟ್ಟಳು. ಸೀರೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದಳು. ತಾನೇ ಮುಂದೆ ಬರಿಗಾಲಲ್ಲಿ ನಡೆದರೆ ಸತ್ತ ಚಿಪ್ಪಿನ ಮೇಲಷ್ಟೇ ಅವರ ಕಾಲು ಬೀಳುವಂತೆ ನೋಡಿಕೊಳ್ಳಬಹುದು ಎಂಬುದು ಅವಳ ಲೆಕ್ಕ. ಆ ಕಾಲಲ್ಲಿ ನೆಟ್ಟಗೆ ಅಂಗಳ ದಾಟಲಾಗುವುದಿಲ್ಲ ಅವಳಿಗೆ.

‘ಎಲ್ಲಿಗ್ ಹೊರಟ್ಯೆ?’ ಎಂದೆ.

‘ಎಂತ ಮಾಡೂದ್ ಹೆಣ್ಣೆ, ದೋಣಿ ಇಳ್ದ್ ಬಂದರ್ ಅಲ್ದಾ,’ ಎಂದಳು. ನನ್ನ ಮುಖ ನೋಡಲಿಲ್ಲ.

ನಾನು ಗೋಡೆ ಶುರುವಾಗುವ ಕಲ್ಲಿನ ಮುಂದೆ ಹೋಗಿ ನಿಂತೆ. ವಿಹಂಗ ಇನ್ನೂ ನಗುತ್ತಿದ್ದ.

‘ಇಲ್ಲೆ,’ ಎಂದೆ.

ಅವನಿಗೆ ಕೇಳಲಿಲ್ಲವೇನೋ ಎಂದು ಅವನ ಭಾಷೆಯಲ್ಲೂ ಹೇಳಿದೆ. ಇಲ್ಲ. ಆಗಲ್ಲ. ಬೂಟು ತಿರುಗಿಸಿ. ಅವನ ಮುಖ ನೋಡಬೇಕಿತ್ತು ನೀವು. ಹುಟ್ಟಿದಂದಿನಿಂದ ಆ ಮಾತು ಕೇಳಿಯೇ ಇರಲಿಲ್ಲವೋ ಏನೋ, ಆಟಿಕೆ ಕಿತ್ತುಕೊಂಡ ಮಗುವಿನ ಹಾಗೆ ತುಟಿ ನಡುಗಿತು. ನಡುಗುಮನೆಯಲ್ಲಿ ಕೂಡ ಅವನು ಅಷ್ಟು ಚೆನ್ನಾಗಿ ನಡುಗಿರಲಿಲ್ಲ. ನೇರ ಹತ್ತು ಮಂದಿಯ ಬಳಿ ದೂರು ಕೊಟ್ಟ.

ನಿನ್ನೆ ಪಂಚಾಯಿತಿ ಕೂತಿತು. ಹತ್ತು ಮಂದಿಯಲ್ಲಿ ಹಿರಿಯ ಮಂಜು ಖಾರ್ವಿ ಕೆಟ್ಟವನಲ್ಲ. ಅವನಿಗೂ ಅದೇ ಬಾವಿಯ ನೀರು ಬೇಕು. ‘ಹೋಯ್ ಮುಕಾಂಬು, ಬಾಯ್ ತಪ್ಪಿ ಬಂತ್ ಅಂದ್ ಹೇಳ್, ಮುಗೀತ್,’ ಎಂದ. ಬಾಯಿ ತಪ್ಪಲಿಲ್ಲ, ಎರಡು ಭಾಷೆಯಲ್ಲಿ ಹೇಳಿದ್ದೇನೆ ಎಂದೆ. ಅವನು ತಲೆ ಮೇಲೆ ಕೈಯಿಟ್ಟುಕೊಂಡ. ಆಣೆಯ ಪ್ರಕಾರ ನಾಳೆ ಬೆಳಿಗ್ಗೆ, ಅಂದರೆ ಇಪ್ಪತ್ತಮೂರನೆಯ ದಿನ, ನಾನು ದೋಣಿ ಹತ್ತಬೇಕು, ವಿಹಂಗನ ತಂಡ ಇವತ್ತು ಸಂಜೆಯೇ ಗೋಡೆಯ ಮೇಲೆ ನಡೆಯಬಹುದು ಎಂದು ತೀರ್ಮಾನವಾಯಿತು. ನನ್ನನ್ನು ಕಳಿಸುವುದಕ್ಕೆ ಒಂಬತ್ತು ಕೈ ಎದ್ದವು. ಹತ್ತನೆಯವನು ನಿದ್ದೆ ಮಾಡುತ್ತಿದ್ದ.

ಇವತ್ತು ಸಂಜೆ ನೀರು ಇಳಿಯಿತು. ಒಂಬತ್ತು ಜೊತೆ ಬೂಟು ದಂಡೆಗೆ ಬಂದವು. ಅಮ್ಮಮ್ಮ ಗೋಡೆಯ ಮೊದಲ ಕಲ್ಲಿನ ಮೇಲೆ ಕೂತಿದ್ದಳು. ಮುಂದೆ ಬಟ್ಟಲೂ ಇರಲಿಲ್ಲ, ಸಾರೂ ಇರಲಿಲ್ಲ. ವಿಹಂಗ ಬಹಳ ಮರ್ಯಾದೆಯಿಂದ, ‘ದಾರಿ ಬಿಡಿ ಅಜ್ಜಿ, ಹಿರಿಯರೇ ಹೇಳಿದಾರೆ,’ ಎಂದ. ಅವಳು ಬಾಯಿ ತೆರೆದಳು, ಶಬ್ದ ಬರಲಿಲ್ಲ. ಎಂಬತ್ತೊಂದು ವರ್ಷ ಆಡದ ಮಾತು ಅದು. ಮೂರನೆಯ ಸಲಕ್ಕೆ ಬಂತು.

‘ಇಲ್ಲೆ ಮಗಾ.’

ಅಂದವಳೇ ಅತ್ತಳು. ಅವಳ ಅಮ್ಮ ಆ ಹನ್ನೊಂದು ದೋಣಿಗಳಲ್ಲೊಂದರಲ್ಲಿ ಮಡಿಲ ಕೂಸಾಗಿ ಬಂದವಳು. ನಾನು ಹೇಳಿದ್ದು ಸಿಟ್ಟಿನಿಂದ, ಅದು ಸುಲಭ. ಅವಳು ಹೇಳಿದ್ದು ಸತ್ತ ತಾಯಿಗೆ ಎದುರಾಡಿದ ಹಾಗೆ. ಮಂಜು ಖಾರ್ವಿ ಓಡಿ ಬಂದು ‘ಅಮ್ಮ, ಕೇಳ್ಲಿಲ್ಲೆ ನಂಗೆ, ಎಂತ ಅಂದ್ರಿ?’ ಎಂದು ಅವಳಿಗೊಂದು ದಾರಿ ಬಿಟ್ಟುಕೊಟ್ಟ. ಅವಳು ಇನ್ನೊಮ್ಮೆ, ಈ ಸಲ ಜೋರಾಗಿ, ಅದನ್ನೇ ಹೇಳಿದಳು. ಆ ವಾದದಲ್ಲೇ ಹೊತ್ತು ಹೋಗಿ ಬೂಟಿನವರ ಕಾಲಿಗೆ ನೀರು ತಾಗಿತು. ಏರುವ ನೀರಿಗೆ ಯಾರ ಆಣೆಯೂ ಇಲ್ಲ.

ನಾಳೆ ದೋಣಿಯಲ್ಲಿ ನಾವಿಬ್ಬರು. ಚಳಿದಿಂಗಳು ಮುಗಿಯಲು ಇನ್ನು ಹದಿನೆಂಟು ದಿನ. ಗೋಡೆಯ ಮೊದಲ ಕಲ್ಲಿನ ಮೇಲೆ ನಾಳೆ ಯಾರು ಕೂರುತ್ತಾರೋ ಗೊತ್ತಿಲ್ಲ. ಕೇರಿಯ ಹೆಂಗಸರು ಇವತ್ತು ಅಮ್ಮಮ್ಮನ ಕಾಲಿಗೆ ಎಣ್ಣೆ ಹಚ್ಚಲು ಬಂದರು, ಹಚ್ಚಿ ಹೋದರು. ಕೂರುತ್ತೇನೆ ಎಂದು ಯಾರೂ ಹೇಳಲಿಲ್ಲ. ಕೂರುವುದಿಲ್ಲ ಎಂದೂ ಹೇಳಲಿಲ್ಲ.

ನಿಮ್ಮಿಂದ ದೊಡ್ಡದೇನೂ ನಿರೀಕ್ಷೆ ಇಲ್ಲ ನನಗೆ. ಸಮುದ್ರವನ್ನು ಇಳಿಸಿ ಎಂದರೆ ನೀವು ಇಳಿಸುವವರಲ್ಲ. ಪ್ರವಾಸ ಬಿಡಿ ಎಂದರೆ ಬಿಡುವವರೂ ಅಲ್ಲ. ಹೋಗಿ. ಚೀಲ ತುಂಬಿ, ಟೋಪಿ ಹಾಕಿ, ಯಾವುದಾದರೂ ದ್ವೀಪಕ್ಕೆ ಹೋಗಿ ಕುಣಿಯಿರಿ. ಅಲ್ಲಿ ನೀವು ಏನಾದರೂ ಕೇಳಿದಾಗ ಒಬ್ಬ ಮುದುಕಿ ‘ಹೂಂ’ ಅನ್ನುತ್ತಾಳೆ. ಆಗ ಕ್ಯಾಮೆರಾ ಕೆಳಗಿಳಿಸಿ ಅವಳ ಮುಖವನ್ನು ಒಮ್ಮೆ ಸರಿಯಾಗಿ ನೋಡಿ. ಅದು ಹೂಂ ಹೌದೋ ಅಲ್ಲವೋ ತಿಳಿಯಲು ಶಾಲೆ ಕಲಿತಿರಬೇಕಾಗಿಲ್ಲ. ಅಲ್ಲದಿದ್ದರೆ, ಬಂದ ದೋಣಿಯಲ್ಲೇ ವಾಪಸ್ ಹೋಗಿ.

ಮುಕಾಂಬು