ಶುಕ್ರವಾರದ ಬಿಳಿ

ಮಾರ್ಚ್ ೧೪, ಶುಕ್ರವಾರ. ಸಾಲ್ವಡಾರ್

ಸೊಂಟ ಬಿದ್ದುಹೋಗಿದೆ. ಆದರೂ ಆ ನೀಲಿ ಅಂಗಿಯ ಮಾತು ತಲೆಯಿಂದ ಇಳಿಯುತ್ತಿಲ್ಲ.

ಕ್ಲಬ್ಬಿಗೆ ಹೋಗುವ ಆಯಾಗಳೆಲ್ಲ ಬಿಳಿಯನ್ನೇ ತೊಡಬೇಕು, ಪಕ್ಕದ ಬಾಗಿಲಿನಿಂದಲೇ ಒಳಗೆ ಹೋಗಬೇಕು. ನಮ್ಮನ್ನು ಯಾರೂ ಯಜಮಾನಿಯರು ಅಂದುಕೊಳ್ಳಬಾರದಲ್ಲ! ಆದರೆ ಶುಕ್ರವಾರ ಒಶಾಲಾ ದೇವರ ವಾರ, ಬಿಳಿ ಅವನ ಬಣ್ಣ ಅಂತ ಅರ್ಧ ಊರೇ ಬಿಳಿ ತೊಡುತ್ತದೆ. ಇವತ್ತು ಎಲೊಯಿಜಾ ಅಮ್ಮಾವ್ರೂ ತೊಟ್ಟಿದ್ದರು. ಅವರ ಮಗು ಬೆನಿಸಿಯೊ ರಚ್ಚೆ ಹಿಡಿದಿದ್ದಕ್ಕೆ ತಾವೇ ಅವನನ್ನು ಎತ್ತಿಕೊಂಡು ನನಗಿಂತ ಮುಂದೆ ನಡೆದರು. ಕ್ಲಬ್ಬಿನ ಮುಂಬಾಗಿಲಲ್ಲಿ ಹೊಸ ಕಾವಲುಗಾರ ಅವರಿಗೇ ಅಡ್ಡ ನಿಂತ.

"ಏನಮ್ಮಾ, ಗೊತ್ತಿಲ್ವಾ? ಆಯಾಗಳು ಆ ಕಡೆ ಬಾಗಿಲಲ್ಲಿ ಹೋಗ್ಬೇಕು."

ನಗು ಬರದಂತೆ ತುಟಿ ಕಚ್ಚಿಕೊಂಡೆ. ಅಮ್ಮಾವ್ರ ಮುಖ ಕೆಂಡವಾಗಿತ್ತು.

ವಾಪಸ್ ಬರುವಾಗ ಕಾರಿನಲ್ಲಿ ಹೇಳಿದರು: "ಜುಸಿಲೇನಿ, ಇನ್ಮೇಲೆ ಶುಕ್ರವಾರ ನೀನು ಬಿಳಿ ಹಾಕ್ಬೇಡ. ನೀಲಿ ಅಂಗಿ ಕೊಡಿಸ್ತೀನಿ. ಕ್ಲಬ್ಬಿನೋರ ಹತ್ರ ನಾನೇ ಮಾತಾಡ್ತೀನಿ."

"ಅಮ್ಮಾವ್ರೇ, ಶುಕ್ರವಾರ ನಮ್ಮ ದೇವರ ವಾರ..."

"ಯಾಕೆ, ನನಗಿಲ್ವೇನೇ ದೇವ್ರು?"

ನಿಜವೇ, ಅವರಿಗೂ ಇದ್ದಾನೆ.

ತೊಟ್ಟಿಲಲ್ಲಿದ್ದಾಗಿನಿಂದ ಅಮ್ಮ ನನಗೆ ಶುಕ್ರವಾರ ಬಿಳಿ ತೊಡಿಸುತ್ತಿದ್ದಳು. ಉಳಿದ ದಿನ ಬಸ್ಸು ಹತ್ತಿದರೆ ಸಾಕು, ಅಂಗಿ ನೋಡಿಯೇ ಆಯಾ ಅಂದುಕೊಳ್ಳುತ್ತಾರೆ. ಶುಕ್ರವಾರ ಮಾತ್ರ ಅದೇ ಅಂಗಿಯಲ್ಲಿ ನಾನೂ ಊರವರಲ್ಲಿ ಒಬ್ಬಳಾಗಿರುತ್ತಿದ್ದೆ.

ಒಶಾಲಾ, ನೀಲಿಯಲ್ಲಿ ಬಂದರೆ ನಿನಗಾದರೂ ನನ್ನ ಗುರುತು ಸಿಗುತ್ತದಾ?

ಕಣ್ಣು ಮುಚ್ಚಿಹೋಗುತ್ತಿದೆ. ಬಿಳಿ ಅಂಗಿ ಇನ್ನೂ ಬಕೆಟ್ಟಿನಲ್ಲೇ ನೆನೆಯುತ್ತಿದೆ. ಒಗೆದು ಹಾಕಬೇಕು. ನಾಳೆ ಶನಿವಾರ, ಕ್ಲಬ್ಬಿಗೆ ಬಿಳಿಯೇ ಆಗಬೇಕು.