ಓದಿ ಮುಂದಿನ ಮನೆಗೆ ಕೊಡಿ

ಮಾರ್ಚ್ 24, ಬುಧವಾರ
ಮತ್ತೆ ಟೋಕಿಯೋದಿಂದ ಫೋನ್. ಬೆಳಗಿನಿಂದ ಮೂರನೆಯದು. ಗ್ರಾಮ ಕಚೇರಿಯಲ್ಲಿ ಉತ್ತರ ಹೇಳಲು ಇರುವುದು ಇಬ್ಬರೇ: ನಾನು ಮತ್ತು ಅಧ್ಯಕ್ಷರಾದ ಇರೆಯಿ ಸಾನ್. ಅವರು ಫೋನ್ ಬಂದಾಗಲೆಲ್ಲ ಬಚ್ಚಲಿಗೆ ಹೋಗುತ್ತಾರೆ. ಬೇಲಿಯಾಚೆಯ ಅಮೆರಿಕನ್ ನೆಲೆಯನ್ನು ನಮ್ಮ ಕೊಲ್ಲಿಯವರೆಗೆ ಹಿಗ್ಗಿಸುವ ಮಾತುಕತೆ ಮುಂದಕ್ಕೆ ಹೋಗುತ್ತಲೇ ಇದೆ. ಅಮೆರಿಕ ಟೋಕಿಯೋ ಮೇಲೆ ರೇಗುತ್ತದೆ, ಟೋಕಿಯೋ ನಮ್ಮ ಮೇಲೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.
ವರ್ಷಕ್ಕೊಮ್ಮೆಯ ಗೋರಿ ಪೂಜೆಗೆ ನೆಲೆಯೊಳಗೆ ಹೋಗುವ ಪರ್ಮಿಷನ್ ಇನ್ನೂ ಬಂದಿಲ್ಲ. ನಮ್ಮ ತಾತನ ಗೋರಿ ಅವರ ಬೇಲಿಯೊಳಗೇ ಇದೆ. ಅಜ್ಜಿ ದಿನಾ ಕೇಳುತ್ತಾಳೆ.

ಮಾರ್ಚ್ 29, ಸೋಮವಾರ
ಟೋಕಿಯೋದ ಅಧಿಕಾರಿ ಹಿರಯನಗಿ ಸಾನ್ ಖುದ್ದಾಗಿ ಬಂದರು. ಕರೀ ಸೂಟು, ಧಾರಾಕಾರ ಬೆವರು.
“ಚಿಹಾರು ಸಾನ್, ಎರಡು ವರ್ಷದಿಂದ ಎಳೀತಿದ್ದೀವಿ ಅಂತ ಅಮೆರಿಕದವರು ಕೆಂಡ ಆಗಿದ್ದಾರೆ. ಹೋದ ವಾರ ನಮ್ಮ ಮಂತ್ರಿಗಳಿಗೆ ಹತ್ತೇ ನಿಮಿಷ ಕೊಟ್ರು. ಒಂದು ಟೀ ಕೂಡ ಇಲ್ಲ!”
“ನಮ್ಮ ಗೋರಿ ಪರ್ಮಿಷನ್?”
“ಅದೂ ಅವರ ಮೇಜಿನ ಮೇಲೇ ಇದೆ. ಊರಿಗೆ ತಿಳಿಸಿದ್ದೀವಿ ಅಂತ ತೋರಿಸೋಕೆ ಒಂದು ಹಾಳೆ ಸಿಕ್ರೆ ಮೆತ್ತಗಾಗ್ತಾರೆ.”
ನೆಲೆ ಹಿಗ್ಗಿಸಲು ನಮ್ಮ ಕೊಲ್ಲಿಯ ತಳ ಅಳೆಯುತ್ತೇವೆ ಎಂಬ ಸೂಚನೆ. ಒಂದೇ ಹಾಳೆ. ಊರಿನ ಸುತ್ತೋಲೆ ಫೈಲಿಗೆ ಸೇರಿಸಬೇಕಂತೆ. “ಎಲ್ಲಕ್ಕಿಂತ ಕೆಳಗಿಟ್ಟರೂ ಪರವಾಗಿಲ್ಲ” ಎಂದರು.
ಆ ಫೈಲು ಮನೆಯಿಂದ ಮನೆಗೆ ಹೋಗುತ್ತದೆ. ಪ್ರತಿ ಮನೆಯವರೂ ಒಂದೊಂದು ಹಾಳೆಗೂ ತಮ್ಮ ಮನೆಯ ಮುದ್ರೆ ಒತ್ತಿ ಪಕ್ಕದವರಿಗೆ ದಾಟಿಸುತ್ತಾರೆ. ಮುದ್ರೆ ಎಂದರೆ ‘ಫೈಲು ನಮ್ಮನೆಗೆ ಬಂದಿತ್ತು’, ಅಷ್ಟೇ. ಅರ್ಧ ಜನ ಓದುವುದೂ ಇಲ್ಲ. ಇದು ಊರಿಗೆಲ್ಲ ಗೊತ್ತು. ವಾಷಿಂಗ್ಟನ್‌ಗೆ ಗೊತ್ತಾ? ನಾನು ಕೇಳಲಿಲ್ಲ.

ಮಾರ್ಚ್ 30
ಸೇರಿಸಿದೆ. ಫೈಲು ಎಂದಿನಂತೆ ನಮ್ಮ ಮನೆಯಿಂದಲೇ ಶುರು. ಅಜ್ಜಿ ಅಡುಗೆಮನೆಯಲ್ಲಿ ಹಿಟ್ಟು ಕಲೆಸುತ್ತಿದ್ದಳು. ಎಂಬತ್ತೆಂಟು ವರ್ಷ, ಕಣ್ಣಿಗೆ ಪೊರೆ. ಆದರೂ ಪ್ರತಿ ಗುರುವಾರ ನೆಲೆ ಹಿಗ್ಗಿಸಬೇಡಿ ಎನ್ನುವ ಕಡಲ ದಂಡೆಯ ಧರಣಿ ಡೇರೆಗೆ ಎಲ್ಲರಿಗಿಂತ ಮೊದಲು ಹಾಜರು.
“ಏನೇ ಅದು?”
“ಕಸದ ಗಾಡಿ ಟೈಮು. ಗೋರಿಗೆ ಹೋಗೋರ ಪಟ್ಟಿ.”
ಎರಡೂ ನಿಜ. ಮೂರನೆಯದನ್ನು ನುಂಗಿದೆ.
“ಕೈಯೆಲ್ಲಾ ಹಿಟ್ಟು. ನೀನೇ ಒತ್ತು.”
ಮೂರು ಕಡೆ ಒತ್ತಿದೆ. ಮೂರನೆಯದು ಸ್ವಲ್ಪ ಸೊಟ್ಟ.

ಏಪ್ರಿಲ್ 9, ಶುಕ್ರವಾರ
ಪರ್ಮಿಷನ್ ಬಂತು! ಅಜ್ಜಿ ಬೀದಿಗೆಲ್ಲ ಸಾರಿದಳು — “ಮೊಮ್ಮಗಳು ಕಚೇರೀಲಿ ಕೂತು ಕುರ್ಚಿ ಬಿಸಿ ಮಾಡಿದ್ದಕ್ಕೆ ಇವತ್ತೊಂದು ಪ್ರಯೋಜನ ಆಯ್ತು ನೋಡ್ರೇ!”


ಏಪ್ರಿಲ್ 18, ಭಾನುವಾರ
ಗೇಟಿನಲ್ಲಿ ತಲೆ ಎಣಿಸಿ ಒಳಗೆ ಬಿಟ್ಟರು. ಎರಡು ಗಂಟೆ ಟೈಮು. ಗೋರಿ ಮುಂದೆ ಚಾಪೆ ಹಾಸಿ ಹಂದಿಮಾಂಸ, ಕಡಲಪಾಚಿ, ಅಕ್ಕಿಯ ಸಾರಾಯಿ ಎಲ್ಲ ಇಟ್ಟೆವು. ಪ್ರತಿ ವರ್ಷದಂತೆ ಅಜ್ಜಿ ಸತ್ತವರಿಗೆ ಊರಿನ ಸುದ್ದಿ ಒಪ್ಪಿಸಿದಳು. ಯಾರ ಮದುವೆ ಆಯ್ತು, ಯಾರ ಆಡು ಸತ್ತಿತು. ಆಮೇಲೆ ತಾತನ ಕಡೆ ತಿರುಗಿ —
“ಕೇಳ್ರೀ, ಕೊಲ್ಲಿ ಹಾಗೇ ಇದೆ. ಟೋಕಿಯೋದೋರು ಬಂದ್ರು, ಹೋದ್ರು. ಅವರ ಒಂದು ಕಾಗದಕ್ಕೂ ನಮ್ಮನೆ ಮುದ್ರೆ ಬಿದ್ದಿಲ್ಲ. ನೆಮ್ಮದಿಯಾಗಿರಿ.”
ಸಾರಾಯಿ ಸುರಿಯುವ ಸರದಿ ನನ್ನದು. ಬಟ್ಟಲು ತುಂಬಿದ್ದು ನೋಡದೆ ಸುರಿದು ಚೆಲ್ಲಿದೆ.
“ಇರಲಿ ಬಿಡೇ, ನಿಮ್ಮ ತಾತ ಯಾವತ್ತು ಸಾಕು ಅಂದಿದ್ರು?” ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಚಿಕೆಗೆಟ್ಟವಳು.
ನಾಳೆ ಹೇಳುತ್ತೇನೆ.

ಏಪ್ರಿಲ್ 27, ಮಂಗಳವಾರ
ಹೇಳಿಲ್ಲ. ಒಂಬತ್ತು ನಾಳೆಗಳಾದವು.
ಹಿರಯನಗಿ ಸಾನ್ ಫೋನ್. ದನಿಯಲ್ಲೇ ಹಬ್ಬ. ಮಾತುಕತೆಗೆ ದಿನ ಗೊತ್ತಾಯಿತಂತೆ. “ನಿಮ್ಮೂರ ಹಾಳೆ ನೋಡಿ ಈ ಸಲ ಮಂತ್ರಿಗಳಿಗೆ ಪೂರ್ತಿ ಒಂದು ಗಂಟೆ ಕೊಟ್ರು. ಊಟಾನೂ ಹಾಕಿದ್ರು!”
“ಆ ಮುದ್ರೆಗಳು ಒಪ್ಪಿಗೆ ಅಲ್ಲ. ಫೈಲು ಬಂದಿತ್ತು ಅಂತ ಮಾತ್ರ.”
“ಒಪ್ಪಿಗೆ ಅಂತ ನಾವೆಲ್ಲಿ ಬರೆದಿದ್ದೀವಿ? ಮೂವತ್ತೊಂದು ಮನೆಗೆ ತಿಳಿಸಲಾಗಿದೆ, ಆಕ್ಷೇಪಣೆ ಬಂದಿಲ್ಲ. ಒಂದು ಅಕ್ಷರ ಸುಳ್ಳಿದ್ರೆ ಹೇಳಿ.”
ಇರಲಿಲ್ಲ.

ಏಪ್ರಿಲ್ 29, ಗುರುವಾರ. ಬೆಳಗ್ಗೆ 7
ಪೇಪರಿನಲ್ಲಿ ಬಂದಿದೆ. ಎರಡನೇ ಪುಟ, ಮುದ್ರೆ ಬಿದ್ದ ಆ ಹಾಳೆಯ ಫೋಟೋ ಸಮೇತ. ದಿನಾ ಅಜ್ಜಿಗೆ ಪೇಪರ್ ಓದಿ ಹೇಳುವವಳು ನಾನೇ. ಆ ಪುಟ ಹಾರಿಸಿದೆ. ಹವಾಮಾನ ಎರಡು ಸಲ ಓದಿದೆ.
“ಇವತ್ತು ಮಳೆ ಅಂತ ಆಗಲೇ ಹೇಳಿದ್ಯಲ್ಲೇ?” ಎಂದಳು.

ಬೆಳಗ್ಗೆ 10
ಸರ್ಕಾರಿ ರಜೆ. ಮನೆಯಲ್ಲೇ ಇದ್ದೇನೆ. ಮಳೆಯೆಂದು ಇವತ್ತು ಧರಣಿ ಇಲ್ಲ, ಡೇರೆಯ ಹೆಂಗಸರು ಪೇಪರ್ ಹಿಡಿದು ಜಗಲಿಗೆ ಬಂದಿದ್ದಾರೆ. ಸದ್ಯ ಯಾರ ಹತ್ತಿರವೂ ಕನ್ನಡಕ ಇಲ್ಲ. ಅಜ್ಜಿಯ ದನಿ ಇಲ್ಲಿಗೆ ಕೇಳುತ್ತಿದೆ — “ಬೇರೆಯವರದ್ದು ನಂಗೊತ್ತಿಲ್ಲ ಕಣ್ರೇ. ನಮ್ಮನೇದು ಅದರಲ್ಲಿ ಇರೋಕೆ ಸಾಧ್ಯವೇ ಇಲ್ಲ. ಇದ್ದಿದ್ರೆ ನನ್ನ ಮೊಮ್ಮಗಳು ಹೇಳ್ತಿರ್ಲಿಲ್ವಾ? ತಡೀರಿ, ಅವಳ ಬಾಯಲ್ಲೇ ಓದಿಸ್ತೀನಿ. ಚಿಹಾರೂ!”
ಬಂದೆ ಅಂದೆ. ಬಂದೆ ಅಂತ ಹೇಳಿ ಇಲ್ಲಿ ಕೂತು ಬರೆಯುತ್ತಿದ್ದೇನೆ. ಆ ಹಾಳೆಯಲ್ಲಿ ಮೊದಲನೆಯದೇ ನಮ್ಮದು. ಸೊಟ್ಟ ಮುದ್ರೆ.
ಮತ್ತೆ ಕರೆಯುತ್ತಿದ್ದಾಳೆ. ಹೋಗಬೇಕು. ಹೋಗಿ ಮೊದಲು ‘ಒತ್ತಿದ್ದು ನಾನೇ’ ಅನ್ನಬೇಕು.