ಗೋಡೆಯಾಚೆಯ ಕೂಗು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಟಿವಿಯ ಅಪರಾಧ ಕಾರ್ಯಕ್ರಮದಲ್ಲಿ ತೋರಿಸುತ್ತಿರುವ ಕೊಲೆ ನನ್ನ ತಂಗಿಯದು. ಹೊಡೆದು ಕೊಂದವನು ಅವಳ ಗಂಡ. ನೀವು ಅವಳಿಗೊಬ್ಬ ಪ್ರಿಯಕರನನ್ನೂ ಹುಟ್ಟಿಸಿದಿರಿ. ಅಂಥವನು ಯಾರೂ ಇರಲಿಲ್ಲವೆಂದು ನಾನು ಕಚೇರಿಗೆ ಬಂದು ಹೇಳಿದಾಗ ನಿಮ್ಮ ವರದಿಗಾರರು, "ಬರೀ ಗಂಡ ಹೊಡೆದ ಅಂದ್ರೆ ಯಾರು ನೋಡ್ತಾರಕ್ಕಾ?" ಅಂದರು. ಹೋಗಲಿ, ತಿದ್ದಿ ಎಂದು ಇನ್ನು ಕೇಳುವುದಿಲ್ಲ.

ಅಮ್ಮನಿಗೆ ಮರೆವಿನ ಕಾಯಿಲೆ. ತಂಗಿ ಸತ್ತದ್ದೂ ನೆನಪಿಲ್ಲ. ನಮ್ಮ ಟಿವಿಯನ್ನು ಮಾರಿಬಿಟ್ಟೆ. ಆದರೂ ತಂಗಿಯ ಪಾತ್ರ ಮಾಡಿದ ನಿಮ್ಮ ನಟಿ "ಅಮ್ಮಾ" ಎಂದು ಕಿರುಚುವುದು ಪಕ್ಕದ ಮನೆಯಿಂದ ಕೇಳಿಸುತ್ತದೆ. ಅಮ್ಮ "ಬಂದೆ ಕಣೇ, ಬಂದೆ" ಎನ್ನುತ್ತಾ ಗೋಡೆ ಬಡಿಯುತ್ತಾಳೆ. ಕೈ ಊದಿಕೊಂಡಿದೆ.

ಮರುಪ್ರಸಾರ ಯಾವಾಗೆಂದು ಮುಂಚೆಯೇ ತಿಳಿಸಿದರೆ, ಆ ಹೊತ್ತಿಗೆ ಅವಳನ್ನು ಎಲ್ಲಾದರೂ ಹೊರಗೆ ಕರೆದುಕೊಂಡು ಹೋಗಿರುತ್ತೇನೆ.

ಇತಿ,
ಸತ್ತವಳ ಅಕ್ಕ